ಅರವತ್ತು ಸಾವಿರದ ಎಣ್ಣೆ

ತಾರ್ತುವಿನ ಬಟಾಣಿ ಬೀದಿಯಲ್ಲಿ ಏಳು ಮೆಟ್ಟಿಲಿಳಿದರೆ
ನನ್ನ ಅಂಗಡಿ. ಕಿಟಕಿಯಲ್ಲಿ ಕಾಣುವುದು
ಬೂಟುಗಳು ಮಾತ್ರ; ಗಿರಾಕಿಯ ಮುಖಕ್ಕಿಂತ ಮೊದಲು
ಹಿಮ್ಮಡಿ ಸವೆದ ಬಗೆ ನನಗೆ ಪರಿಚಯ.

ಓನ್ನೆ ಬಂದದ್ದು ಫೆಬ್ರವರಿಯಲ್ಲಿ, ಎಡಗಾಲು ತುಸು ಎಳೆಯುತ್ತ,
ಮೊಮ್ಮಗನ ಹಿಮಬಂಡಿಗೆ ಪ್ಲೇಯರ್ ಕಟ್ಟಿಕೊಂಡು,
ಕಂಕುಳಲ್ಲಿ ಒಂದೇ ಒಂದು ರೆಕಾರ್ಡು.
ಒಲೆಗೋಡೆಗೆ ಒರಗಿಸಿ ಮರೆತಿದ್ದಳಂತೆ, ಯಾವುದೋ ಚಳಿಗಾಲ.
ಕಾದ ಎಣ್ಣೆ ಮುಟ್ಟಿದೊಡನೆ ಹಪ್ಪಳ ಅಂಚೆತ್ತುತ್ತದಲ್ಲ,
ಹಾಗೆ ಎದ್ದಿತ್ತು ಒಂದು ಬದಿ.
"ಹೆಲ್ದುರ್, ಮೊದಲ ಹಾಡಿನಲ್ಲೇ ಮುಳ್ಳು ಹಾರುತ್ತದೆ.
ನಲವತ್ತು ವರ್ಷದಿಂದ ಹಾರುತ್ತಿದೆ."

ಅದರ ತೋಳು ನಾನೇ ಮಾಡಿಕೊಟ್ಟದ್ದು:
ಮುರಿದ ಸ್ಕೀ ಕೋಲಿನ ಕೊಳವೆ, ಒಂದೇ ಸೂಜಿಮೊನೆಯ ಮೇಲೆ ನಿಂತದ್ದು,
ಮೊನೆಯ ಸುತ್ತ ಉಗುರಿನಷ್ಟು ಬಟ್ಟಲು.
ಆ ಬಟ್ಟಲಿಗೇನು ಹುಯ್ಯಬೇಕು ಅನ್ನುವುದರಲ್ಲೇ
ನನ್ನ ಅರ್ಧ ಆಯುಸ್ಸು ಹೋಗಿದೆ.
ಲಾರಿಯ ಗೇರೆಣ್ಣೆ ಹಾಕಿದೆ, ಆಗ ಬೇರೇನು ಸಿಗುತ್ತಿತ್ತು?
ಜನವರಿಯಲ್ಲಿ ಗೋಂದು, ಜುಲೈಯಲ್ಲಿ ನೀರು.
ಹರಳೆಣ್ಣೆ ಹಾಕಿದೆ, ವರ್ಷದೊಳಗೆ ಅಂಟು.
ಜೇನು ಹಾಕು ಅಂದ ನನ್ನ ಭಾವಮೈದ.
ಅವನನ್ನು ಇನ್ನೂ ಕ್ಷಮಿಸಿಲ್ಲ,
ಯಾಕೆಂದರೆ ಹಾಕಿದ್ದೆ.

ಈಗ ಮೂರು ಸೀಸೆ ಇವೆ. ಸಿಲಿಕೋನ್. ನೋಡಲು ಮೂರೂ ಒಂದೇ ತಿಳಿ.
ಓರೆ ಮಾಡಿದರೆ ಗುಟ್ಟು ಬಿಡುತ್ತವೆ:
ಹತ್ತು ಸಾವಿರದ್ದು ಒಂದೆಳೆ ಪಾಕ,
ಅರವತ್ತು ಸಾವಿರದ್ದು ತಣಿದ ಜೋನಿಬೆಲ್ಲ,
ಮೂರು ಲಕ್ಷದ್ದು, ಸೀಸೆ ತಲೆಕೆಳಗು ಮಾಡಿಟ್ಟು
ಕಾಫಿ ಕುಡಿದು ಬಂದರೂ, ಇನ್ನೂ ಯೋಚಿಸುತ್ತಿರುತ್ತದೆ.

ಮೊದಲು ತೆಳುವಾದದ್ದು. ಉಬ್ಬು ಬಂದಾಗಲೆಲ್ಲ ತೋಳು ಕುಪ್ಪಳಿಸಿತು,
ಹಾಡಿನ ನಡುವೆ ಹಲ್ಲು ಬಿದ್ದ ಸಂದು.
ತೊಳೆದೆ. ಪೆಟ್ರೋಲು, ಹತ್ತಿ, ಬೆಂಕಿಕಡ್ಡಿ, ಒಂದು ಗಂಟೆ.
ಆಮೇಲೆ ಮೂರು ಲಕ್ಷ. ಹಾರಲಿಲ್ಲ, ನಿಜ,
ಏಳಲೂ ಇಲ್ಲ. ಉಬ್ಬು ಏರುವಾಗ ಮುಳ್ಳಿನ ಬೆನ್ನು ಬಾಗಿತು,
ಇಳಿಯುವಾಗ ಗಾಳಿಯಲ್ಲೇ ಉಳಿಯಿತು.
ಇಪ್ಪತ್ತೆಂಟು ಹೆಂಗಸರು ಒದ್ದೆ ಕೋಟು ಹೊದ್ದು
ಬಾಯಿಗೆ ಕೈ ಅಡ್ಡ ಹಿಡಿದು ಹಾಡಿದ ಹಾಗೆ.
ಮತ್ತೆ ಪೆಟ್ರೋಲು, ಹತ್ತಿ.
ಓನ್ನೆ ಸ್ಟೂಲಿನ ಮೇಲೆ ತೂಕಡಿಸಿದಳು.

ಅರವತ್ತು ಸಾವಿರದ್ದನ್ನು ಸಿರಿಂಜಿನಲ್ಲಿ ಎಳೆದು
ಅರ್ಧ ಬಟ್ಟಲು ತುಂಬಿದೆ. ತೋಳೆತ್ತಿ ಬಿಟ್ಟೆ:
ಒಂದು, ಎರಡು, ಎರಡೂವರೆ... ಮುಟ್ಟಿತು,
ಹಳೇ ಕಳ್ಳ ಬಾಗಿಲು ಮುಚ್ಚಿದಷ್ಟು ಮೆತ್ತಗೆ.

ಹಾಡು ಬಂತು. ಉಬ್ಬು ಬಂತು. ತೋಳು ಏರಿತು, ಇಳಿಯಿತು.
ಸಂದು ಇರಲಿಲ್ಲ. ಸಂದು ಇದ್ದ ಜಾಗದಲ್ಲಿ
ಉಳಿದವರಿಗಿಂತ ಅರ್ಧ ಮಾತ್ರೆ ಮುಂಚೆ
ಒಂದು ಗಂಟಲು ಒಂಟಿಯಾಗಿ ತೆರೆದುಕೊಂಡಿತು.

"ವಿರ್ವೆ," ಎಂದು ನಕ್ಕೆ ನಾನು. ಕೇರಿಗೆಲ್ಲ ಗೊತ್ತಿದ್ದ ಕಥೆ:
ಧ್ವನಿಮುದ್ರಣದ ದಿನ ಅವಸರಪಟ್ಟು, ಎಲ್ಲರೆದುರು ಬೈಸಿಕೊಂಡು,
ವೃಂದವನ್ನೇ ಬಿಟ್ಟವಳು ಇವಳ ತಂಗಿ.
ಓನ್ನೆ ನಗಲಿಲ್ಲ. ತಾನೇ ತೋಳೆತ್ತಿ ಹಿಂದಿಟ್ಟಳು.
ಇನ್ನೊಮ್ಮೆ. ನಾಲ್ಕನೆಯ ಸಲಕ್ಕೆ,
ಕೈಗವಸಿನೊಳಗೆ ಬೆರಳು ಹುಡುಕುತ್ತ, ಅಂದಳು:
"ಅದು ನನ್ನ ಗಂಟಲು."

ತೆಳುವಾದದ್ದನ್ನೇ ಹಾಕಿಕೊಡು ಅನ್ನುತ್ತಾಳೆ ಅಂದುಕೊಂಡೆ.
ಹತ್ತು ಸಾವಿರದ ಸೀಸೆಯತ್ತ ನೋಡಿದಳು ಕೂಡ.
ನಾನು ಹತ್ತಿಯನ್ನು ಕೈಗೆಟುಕುವಲ್ಲೇ ಇಟ್ಟಿದ್ದೆ.
ಎಷ್ಟಾಯಿತು ಎಂದಳು. ಹನ್ನೆರಡು ಯೂರೋ ಎಂದೆ,
ಎಣ್ಣೆ ಮೂರು ಹನಿ, ಉಳಿದದ್ದು ನನ್ನ ಬೆನ್ನಿಗೆ.
"ಇವತ್ತೇ ಒಯ್ಯಬೇಡ. ತಳದಲ್ಲೊಂದು ಗುಳ್ಳೆ ಸಿಕ್ಕಿದೆ.
ಈ ಎಣ್ಣೆಯಲ್ಲಿ ಅದು ಮೇಲೆ ಬರಲು ಬೆಳಗಾಗುತ್ತದೆ."

"ಪ್ಯಾರ್ನುವಿಗೆ ಕೊನೇ ಬಸ್ಸು ಎಷ್ಟಕ್ಕೆ?"
ನನಗೇನು ಗೊತ್ತು.

ಮೆಟ್ಟಿಲೇರಿದವು ಬೂಟುಗಳು, ಎಡದ್ದು ತುಸು ಎಳೆಯುತ್ತ,
ಹಿಂದೆ ಖಾಲಿ ಹಿಮಬಂಡಿ.
ಕಿಟಕಿಯ ಮುಂದೆ ಸ್ವಲ್ಪ ಹೊತ್ತು ನಿಂತವು.
ಅವಳ ಮನೆ ಎಡಕ್ಕೆ.
ಬಲಕ್ಕೆ ತಿರುಗಿದವು.