ಉಗುರಿನಗಲ

ಮೊದಲು ಕೇಳಿದ್ದು ನಾನಲ್ಲ, ಖೈರುನ್.
ಅಶೋಕ ಟಾಕೀಸಿನ ಗೇಟು ಬಿದ್ದಿತ್ತು,
ಗೂಡ್ಸು ಬರುವುದಿತ್ತು, ಬರುತ್ತಲೇ ಇರಲಿಲ್ಲ.
ಆಟೊದವರೆಲ್ಲ ಆಫ್ ಮಾಡಿ ಬೀಡಿ ಹಚ್ಚಿದ್ದರು.
ನಾನು ಮಾಡಿರಲಿಲ್ಲ,
ಮತ್ತೆ ಸ್ಟಾರ್ಟಾಗುವ ಭರವಸೆ ಇಲ್ಲದ್ದಕ್ಕೆ.
ಹಿಂದಿನ ಸೀಟಿನಿಂದ ಅಂದಳು:
"ಮುಂದೆ ಯಾರೋ ಮರಳು ಹುರೀತಿದಾರೆ."

ಎಂಬತ್ತಾರರ ಅಂಬಾಸಿಡರ್.
ಬಾಗಿಲಿಗೊಂದು ಭಾಷೆ, ಡಿಕ್ಕಿಗೊಂದು ಭಾಷೆ,
ಯಾವುದನ್ನಂತ ಕೇಳಲಿ?

ಅವಳದು ಬೇರೆ ಕಿವಿ.
ಮಂಡಕ್ಕಿ ಭಟ್ಟಿಯಲ್ಲಿ ಇಪ್ಪತ್ತೆಂಟು ವರ್ಷ
ಹೊಗೆಗೆ ಕಣ್ಣು ಮುಚ್ಚಿಯೇ ದುಡಿದವಳು.
ಅಕ್ಕಿ ಅರಳುವುದಕ್ಕೆ ಒಂದು ಗಳಿಗೆ ಮುಂಚೆ
ಬಾಣಲೆ ಏನೋ ಗೊಣಗುತ್ತದಂತೆ.
ಆ ಗೊಣಗು ತಪ್ಪಿಸಿಕೊಂಡರೆ
ಮಂಡಕ್ಕಿ ಕರ್ರಗೆ, ಕೂಲಿಗೆ ಕತ್ತರಿ.

ನನ್ನ ಕಿವಿಗಳನ್ನು
ಹೊಸಪೇಟೆ, ಹಿರಿಯೂರು, ಹುಬ್ಬಳ್ಳಿಯ ರಸ್ತೆಗಳು
ಕಂತಿನಲ್ಲಿ ತಿಂದಿದ್ದವು.
ಬಲಗಿವಿ ಕಿಟಕಿಯ ಕಡೆಯದು, ಅದು ಮೊದಲು ಹೋಯಿತು.
ಯಾರಿಗೂ ಹೇಳಿರಲಿಲ್ಲ.
ಪ್ಯಾಸೆಂಜರು ಏನೇ ಅಂದರೂ "ಹೌದ್ರಿ" ಅಂದರೆ
ಬಾಡಿಗೆ ನಡೆಯುತ್ತದೆ,
ಅರ್ಧ ಸಂಸಾರವೂ.

ಹಳೇ ಪಿ.ಬಿ. ರಸ್ತೆಯ ಶೆಡ್ಡಿನಲ್ಲಿ ಕೊಟ್ರಪ್ಪ
ಉದ್ದನೆ ಸ್ಕ್ರೂಡ್ರೈವರಿನ ತುದಿ ಇಂಜಿನ್ನಿನ ಮೂತಿಗೊತ್ತಿ
ಹಿಡಿಕೆ ಕಿವಿಗಿಟ್ಟು ಕಣ್ಣು ಮುಚ್ಚಿದ.
"ಟೈಮಿಂಗ್ ಚೈನು, ಸಾಬ್ರೆ. ಜೋಲು ಬಿದ್ದೈತಿ,
ಕವರಿಗೆ ಬಡ್ಕಂತೈತಿ. ಎಷ್ಟು ದಿನಾತು ಸದ್ದು ಬಂದು?"
ನಾನು ಖೈರುನ್ ಮುಖ ನೋಡಿದೆ.
"ಹೋದ ರಂಜಾನಿಗೂ ಮುಂಚಿಂದ," ಅಂದಳು.
"ಹೇಳಿದಾಗೆಲ್ಲ ಹೌದು ಅಂದಿದಾರೆ."

ರೇಡಿಯೇಟರು ಇಳಿಯಿತು, ಬೆಲ್ಟು ಬಿಚ್ಚಿತು.
ಹ್ಯಾಂಡಲ್ ತೂರಿಸುವ ದಪ್ಪ ನಟ್ಟಿಗೆ
ವಾಷರಿನ ಕಿವಿ ಮಡಚಿರುತ್ತಾರೆ,
ಅದನ್ನು ಉಳಿ ಹೊಡೆದು ಬಿಡಿಸಬೇಕು.
ತಿಪ್ಪೇಶ ಪಾನಾಕ್ಕೆ ಪೈಪು ಸಿಕ್ಕಿಸಿ
ಮೈಯೆಲ್ಲ ಹೇರಿ ಜಗ್ಗಿದ.
ನಟ್ಟು ಕಿರ್ರೆಂದಿತಂತೆ.
ಇಡೀ ಬೀದಿ ತಿರುಗಿ ನೋಡಿತು,
ಬೀದಿಯನ್ನು ನೋಡಿ ನಾನು ತಿರುಗಿದೆ.

ಕವರು ತೆಗೆದರೆ ಸುಟ್ಟೆಣ್ಣೆಯ ವಾಸನೆ.
ಹಲ್ಲಿನ ಚಕ್ರ ದೊಡ್ಡದೊಂದು, ಚಿಕ್ಕದೊಂದು,
ನಡುವೆ ಜೋತುಕೊಂಡು ಅದು.
ಕವರಿನ ಒಳಮೈಯಲ್ಲಿ ಮಿರಮಿರನೆ ಗೀರು:
ನಾನು ಕೇಳದೆ ಬಿಟ್ಟದ್ದೆಲ್ಲ
ಅಲ್ಲಿ ಬರೆದಿಟ್ಟಿತ್ತು.

ಹಳೆಯದನ್ನೂ ಹೊಸದನ್ನೂ ಒಂದೇ ಮೊಳೆಗೆ ತೂಗುಹಾಕಿದ.
ತಿಪ್ಪೇಶ ಎಣಿಸಿದ. ಇದು ಐವತ್ತೆರಡು ಕೊಂಡಿ.
ಅದೂ ಐವತ್ತೆರಡು.
ಆದರೂ ಹಳೆಯದು ಉಗುರಿನಗಲ ಕೆಳಗೆ.
"ಕಬ್ಬಿಣ ಹಿಗ್ತದಾ ಮಾವ?"
"ಹಿಗ್ಗಲ್ಲಲೇ. ಒಂದೊಂದು ಪಿನ್ನೂ ಕೂದಲೆಳೆಯಷ್ಟು ಸವೀತೈತಿ.
ಯಾವ ಕೊಂಡೀನ ಕೇಳಿದ್ರೂ ನಂದಲ್ಲ ಅಂತೈತಿ.
ಎಲ್ಲ ಕೂಡಿದ್ರೆ ಇಷ್ಟು."

ಇಷ್ಟಕ್ಕೇ ವಾಲ್ವು ತಡವಾಗಿ ತೆರೆದು
ಏರಿನಲ್ಲಿ ಗಾಡಿಗೆ ಉಸಿರು ಸಾಲುತ್ತಿರಲಿಲ್ಲ.
ನಾನು ಪೆಟ್ರೋಲ್ ಬಂಕಿನವನನ್ನು ಬೈದು ಬಂದಿದ್ದೆ.

ಎರಡು ಚಕ್ರಕ್ಕೂ ಒಂದೊಂದು ಚುಕ್ಕಿ.
ಚುಕ್ಕಿ ಚುಕ್ಕಿ ಎದುರುಬದುರಾಗಿ ಚೈನು ಕೂರಬೇಕು,
ಒಂದು ಹಲ್ಲು ಆಚೀಚೆ ಆದರೂ ಮತ್ತೆ ಬಿಚ್ಚು.
ಆಯಿತು ಒಂದು ಸಲ.
ಕೊಟ್ರಪ್ಪ ಹುಡುಗನನ್ನು ಬೈಯಲಿಲ್ಲ, ಮಂಡಕ್ಕಿ ಮಿರ್ಚಿ ತರಿಸಿದ.
ಖೈರುನ್ ನಾಲ್ಕು ಕಾಳು ಅಗಿದು
"ಮರಳು ಕಾಯ್ದಿರಲಿಲ್ಲ" ಅಂದು ಕಾಗದ ಮಡಚಿಟ್ಟಳು.

ಆಮೇಲೆ ಪಾನಾ ಹಾಕಿ ಮೆಲ್ಲಗೆ ತಿರುಗಿಸಿದ:
ಚಿಕ್ಕದು ಎರಡು ಸುತ್ತು ಓಡಿ ಬರುವಷ್ಟರಲ್ಲಿ
ದೊಡ್ಡದು ಒಂದೇ ಸುತ್ತು ಬಂದು
ಚುಕ್ಕಿಗಳು ಮುಖ ನೋಡಿಕೊಂಡವು.

ಸಂಜೆ ಸ್ಟಾರ್ಟ್ ಮಾಡಿ ಕೇಳಿದ: "ಹೆಂಗೈತಿ ಸಾಬ್ರೆ?"
ಹೌದ್ರಿ ಅನ್ನಲು ತೆರೆದ ಬಾಯಲ್ಲಿ
ಸ್ಕ್ರೂಡ್ರೈವರಿನ ಹಿಡಿಕೆ ಕಚ್ಚಿಕೊಂಡೆ,
ತುದಿಯನ್ನು ಕವರಿಗೊತ್ತಿದೆ.
ದವಡೆಯೊಳಗೆ ಏನೋ ಮೆತ್ತಗೆ ಓಡಿತು.
ಅದು ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ
ಅವಳ ಕಡೆ ತಿರುಗಿದೆ.

ಅವಳು ಇಂಜಿನ್ ನೋಡುತ್ತಿರಲಿಲ್ಲ.

ಮನೆಗೆ ಹೋಗುವಾಗ ಹಿಂದೆ ಕೂರಲಿಲ್ಲ,
ಮುಂದೆ, ನನ್ನ ಎಡಕ್ಕೆ ಬಂದು ಕೂತಳು.
ಗೇಟು ಬಿದ್ದಿತ್ತು.
ಆಫ್ ಮಾಡಿದೆ.