ಮ್ಯಾಲಂದ್ರ ಯಾವ ಕಡೆ

ರಾತ್ರಿ ಹನ್ನೊಂದೂವರಿಗೆ ಎಮ್ಮಿ ಬಂತು.
ಕೊಚ್ಚಿಯವರು ಕಳಿಸಿದ್ದು. ತೆರೆದು ನೋಡಿದರ
ಬಾಲದ ಮ್ಯಾಲ ನಿಂತೈತಿ, ಮೂತಿ ಮುಗಿಲಿಗೆ ಮಾಡಿ.
ನೃಪತುಂಗ ಬೆಟ್ಟ ತಂದು ಮಗ್ಗಲಿಗೆ ಇಟ್ಟರ
ಅದರ ಪಕ್ಕಡಿಗೂ ಹತ್ತೂದಿಲ್ಲ,
ಅಷ್ಟು ದೊಡ್ಡದು.

ಶಾಹೀನ ನದಾಫ ನಕ್ಕು ನಕ್ಕು ಕುರ್ಚಿಯಿಂದ ಜಾರಿದಳು.
ತಪ್ಪು ಯಾರದೂ ಇರಲಿಲ್ಲ.
ಅವರಲ್ಲಿ ಮ್ಯಾಲ ಅನ್ನೂದಕ್ಕ ಒಂದು ಅಕ್ಷರ,
ನಮ್ಮಲ್ಲಿ ಇನ್ನೊಂದು.
ಅವರು ಅಳಿಯೂದು ಸೆಂಟಿಮೀಟರಿನ್ಯಾಗ,
ನಾವು ಮೀಟರಿನ್ಯಾಗ.
ಒಂದ ಎಮ್ಮಿ, ಎರಡು ಆಕಾಶ.

ಹುಬ್ಬಳ್ಳಿ ಸ್ಟೇಶನ್ ರೋಡ್, ಖಾನಾವಳಿ ಮ್ಯಾಲಿನ ಮಜಲು.
ಎಂಟು ಮಂದಿ, ಆರು ಮಶೀನು.
ರೊಟ್ಟಿ ಬಡಿಯೋ ಸಪ್ಪಳ ಹತ್ತಕ್ಕ ನಿಲ್ಲತೈತಿ,
ಆಮ್ಯಾಲ ಬರೇ ಫ್ಯಾನು, ನಡುನಡುವ ಗೂಡ್ಸ್ ಗಾಡಿ.
ಎಮ್ಮಿ ಮೈ ಕೊಚ್ಚಿಯವರದು, ನಡಿಗಿ ನಮ್ಮದು,
ಮೈಗೆ ಮೆತ್ತಿದ ಕೆಸರು ಯಾವುದೋ ಹಿಮದ ದೇಶದವರದು.
ಎಮ್ಮಿ ಕೆಸರಿನ್ಯಾಗ ಕುಂತಿದ್ದನ್ನ ಅವರು ಕಂಡಿರಲಿಕ್ಕಿಲ್ಲ,
ಆದರೂ ಕೆಸರು ಖರೇ ಕೆಸರು.

ಮುಂಜಾನೆ ಅಪ್ಪಗ ಹೇಳಿದೆ.
ರೇಲ್ವೆ ವರ್ಕ್‌ಶಾಪಿನ ಫಿಟರ್ ಅಂವ,
ರಿಟೈರ್ ಆದರೂ ಅಂಗಿ ಕಿಸೆದಾಗ
ಸ್ಟೀಲಿನ ಅಳತಿಪಟ್ಟಿ ಇದ್ದ ಇರತೈತಿ.
"ಮಿರಜ ನೆನಪಾತು," ಅಂದ.
"ಆಗ ನಮ್ಮ ಹಳಿ ಸಣ್ಣದು, ಅವರದು ಅಗಲ.
ಬ್ಯಾಡಗಿ ಮೆಣಸಿನಕಾಯಿ ಈ ಕಡಿಂದ ಹೋದರ
ಅಲ್ಲಿ ಒಂದು ಗಾಡಿಯಿಂದ ಇಳಿಸಬೇಕು, ಇನ್ನೊಂದಕ್ಕ ಏರಿಸಬೇಕು.
ಚೀಲಕ್ಕೊಂದು ಹಿಡಿ ಸೋರತಿತ್ತು.
ಹಮಾಲರು ಸೀನಿ ಸೀನಿ ಸಾಯತಿದ್ರು,
ಆ ಸೀನು ಯಾವ ಪಾವತಿಯೊಳಗೂ ಬರೀಲಿಲ್ಲ."
ಚಹಾ ಬಸಿಗೆ ಹಾಕ್ಕೊಂಡು ಆರಿಸಿದ.
"ನಿಮ್ಮಲ್ಲಿ ಏನು ಸೋರತೈತಿ?"

ಕೆಂಪು ಸೋರತೈತಿ, ಅಪ್ಪ.
ಅಲ್ಲಿ ಕುಂಕುಮ ಇದ್ದದ್ದು
ಇಲ್ಲಿ ಬರೂದರಾಗ ಇಟ್ಟಂಗಿ ಆಗಿರತೈತಿ.
ಕೂದಲು ಸೋರತೈತಿ, ನೆರಳು ಸೋರತೈತಿ.
ಶಾಹೀನಳ ಎರಡು ರವಿವಾರ ಸೋರಿದವು,
ಅವಳ ತಮ್ಮನ ನಿಶ್ಚಿತಾರ್ಥ ಒಂದರಾಗ ಇತ್ತು.

ಈಗ ಹಳಿ ಒಂದ ಮಾಡಾಕತ್ತಾರ.
ಯಾರ ಸ್ವಂತದ್ದೂ ಅಲ್ಲ.
ಯಾರು ಬೇಕಾದರೂ ಬಗ್ಗಿ ನೋಡಬಹುದು,
ಮೊಳಿ ಸಡ್ಲ ಇದ್ದರ ಬಿಗಿ ಮಾಡಬಹುದು.
ಬಿಗಿ ಆಗೇತೋ ಇಲ್ಲೋ
ಗುರ್ತಿಲ್ಲದ ನಾಲ್ಕು ಮಂದಿ ಸುತ್ತಿಗಿಯಿಂದ
ಟಣ್ ಅಂತ ಬಡದು, ಕಿವಿಗೊಟ್ಟು ಕೇಳತಾರ.

ಶ್ರಾವಣದಾಗ ನಾನೂ ಒಂದು ಮೊಳಿ ಹೊಡದೆ.
ನಮ್ಮ ಗುರುಪಾದ ಕಮ್ಮಾರಗ ಒಂದು ಹಟ,
ಎಮ್ಮಿ ಅಂಗಾಂಗಕ್ಕೆಲ್ಲಾ ಕನ್ನಡದಾಗ ಹೆಸರಿಡತಾನ:
ಕೋಡು, ರೆಪ್ಪಿ, ಬಾಲ, ಗೊರಸು.
ದಾರ್ಯಾಗ ಅಕ್ಷರ ಒಡದು
ಮುಟ್ಟಿದಲ್ಲಿ ಬರೇ ಖಾಲಿ ಡಬ್ಬಿ, ಸಾಲು ಸಾಲು.
ಹನ್ನೊಂದು ಸಾಲು ಬರದು ಕಳಿಸಿದೆ. ತಿರುಗಿ ಬಂತು:
ಪರೀಕ್ಷೆ ಬರದಿಲ್ಲ. ಮತ್ತ ಬಂತು:
ಹಿಂದಿನದು ಮುರೀತು. ಮೂರನೇ ಸಲ
ಯಾಕ ಬಂತು ಅಂತ ನನಗ ಇನ್ನೂ ತಿಳಿದಿಲ್ಲ.
ನಾಲ್ಕನೇ ಸಲ, ಆತು, ಸೇರಿಸೀನಿ, ಅಂತ ಎರಡ ಮಾತು.
ಬರದವರ ಹೆಸರು ಓದಾಕ ಆಗಲಿಲ್ಲ.
ಅವರ ಲಿಪಿ ನನ್ನ ಮಶೀನಿನ್ಯಾಗ
ಖಾಲಿ ಡಬ್ಬಿ, ಸಾಲು ಸಾಲು.

"ಎಷ್ಟು ಕೊಟ್ಟರು?" ಅಂದ ಅಪ್ಪ.
ಏನೂ ಇಲ್ಲ, ಅಂದೆ.
"ಮತ್ತ ಕರೆಂಟ್ ಬಿಲ್ಲು?"

ಇವತ್ತ ಎಮ್ಮಿ ಮುಂದಿನ ಊರಿಗೆ ಹೊಂಟೈತಿ.
ಹಿಮದ ದೇಶದಾಗ ಯಾರೋ ತೆರೀತಾರ.
ನಾಲ್ಕೂ ಕಾಲ ಮ್ಯಾಲ ನಿಂತಿರತೈತಿ,
ಎಮ್ಮಿ ಎಷ್ಟಿರಬೇಕೋ ಅಷ್ಟ.
ಪಟ್ಟಿಯೊಳಗ ಗೊರಸು ಅಂತ ಇರತೈತಿ.
ಅವರಿಗೆ ಅದು ಬರೇ ದುಂಡಗಿನ ಗೀರು.
ಏನಿದ್ದೀತು ಅಂತ ಒತ್ತತಾರ.

ಎಮ್ಮಿ ಗೊರಸು ಎತ್ತತೈತಿ.
ಕೆಸರು ತೊಟ್ಟಿಕ್ಕತೈತಿ.