ಮುಳ್ಳು

ದಾವಣಗೆರೆ ಎಪಿಎಂಸಿ, ಹಿಂದಿನ ಗೇಟು.
ಮೆಕ್ಕೆಜೋಳದ ಹೊಟ್ಟು ಬಿಸಿಲಲ್ಲಿ ಹಾರಿ
ಕೀಬೋರ್ಡಿನ ಸಂದಿಗೂ ಸೇರಿದೆ.
ಮುರಿಗೆಪ್ಪನವರ ದಲಾಲಿ ಅಂಗಡಿಯಲ್ಲಿ
ಏಣಿಮೆಟ್ಟಿಲ ಕೆಳಗಿನ ಮೇಜು ನನ್ನದು, ಮೂರು ದಿನಕ್ಕೆ.
ಕೆಲಸ ಒಂದೇ: ಕಿಟಕಿ ಹೆಪ್ಪುಗಟ್ಟಬಾರದು.

ಕಿಟಕಿ ಅಂದರೆ ಪರದೆಯ ಮೇಲಿನದು, ಬೂದು ಬಣ್ಣದ್ದು.
ಅದರಲ್ಲೊಂದು ಗುಂಡಿ: ತೂಗು.
ಒತ್ತಿದರೆ ಸುಣ್ಣ ಬಳಿದಂತೆ ಬಿಳುಚಿಕೊಳ್ಳುತ್ತದೆ.
ಗುಮಾಸ್ತೆ ಗಿರಿಜಾಂಬ ಮತ್ತೆ ಒತ್ತುತ್ತಾಳೆ, ಮತ್ತೆ ಮತ್ತೆ.
ಒಂದೇ ಚೀಲಕ್ಕೆ ನಾಲ್ಕು ಚೀಟಿ.
"ಒಳಗೆ ಏನ್ ನಡೀತೈತೋ ಯಾರಿಗ್ ಗೊತ್ತವ್ವಾ"
ಅನ್ನುತ್ತಾನೆ ಹಮಾಲಿ ದಾದಾಪೀರ್,
ಬೆನ್ನನ್ನು ಕಂಬಕ್ಕೆ ಉಜ್ಜುತ್ತ.
"ಮೊದ್ಲು ತಕ್ಕಡಿ ಮುಳ್ಳಾದ್ರೂ ಕಾಣ್ತಿತ್ತು.
ಅಲ್ಲಾಡ್ತಿತ್ತು, ನಿಲ್ತಿತ್ತು.
ನಿಂತ್ಮ್ಯಾಲೆ ನಂಬ್ತಿದ್ವಿ."

ಒಳಗೆ ಏನು ನಡೆಯುತ್ತದೆಂದು ನಾನು ಬಲ್ಲೆ. ಅರ್ಧ ಬಲ್ಲೆ.
ಹಳೆಯದೊಂದು ಪ್ರೋಗ್ರಾಂ, ಬರೆದವನ ಫೋನ್ ನಂಬರ್ ಈಗ ಬೇರೆ ಯಾರದೋ.
ಕಪ್ಪು ಪರದೆಯಲ್ಲಿ ಹೆಸರು ಬರೆದು ಎಂಟರ್ ಒತ್ತಿದರೆ
ಒಂದೊಂದೇ ಸಾಲು ಬಿಚ್ಚುತ್ತದೆ.
ನನ್ನ ಬೂದು ಕಿಟಕಿಯಿಂದ ಕೂಗಿದರೆ ಮೂಕ.

ಅದರ ಸ್ವಭಾವವೇ ಹಾಗೆ.
ಎದುರಿಗೆ ಯಾರಾದರೂ ಕೂತಿದ್ದಾರೋ ಎಂದು ಮೊದಲು ನೋಡಿಕೊಳ್ಳುತ್ತದೆ.
ಇದ್ದರೆ, ಸಾಲು ಮುಗಿದ ಕೂಡಲೆ ಹೇಳುತ್ತದೆ.
ಇಲ್ಲ, ಬರೀ ಪೈಪು ಎಂದು ತಿಳಿದರೆ
ಬಾಯೊಳಗೇ ಕೂಡಿಡುತ್ತದೆ,
ನಾಲ್ಕು ಸಾವಿರದ ತೊಂಬತ್ತಾರು ಅಕ್ಷರ ತುಂಬುವವರೆಗೆ
ಇಲ್ಲವೇ ತಾನು ಮುಗಿಯುವವರೆಗೆ.
ನಮ್ಮ ಓಣಿಯ ನಲ್ಲಿ ವಾಸಿ,
ಎಂಟು ದಿನಕ್ಕೊಮ್ಮೆಯಾದರೂ ಕೆಮ್ಮುತ್ತದೆ.

ಎರಡು ಎಳೆ ಮಾಡಿದೆ.
ಒಂದು ಕಿಟಕಿ ಬಳಿಯುತ್ತಿರಲಿ,
ಒಂದು ಪೈಪಿನ ಬಾಯಿಗೆ ಕಿವಿಯಿಟ್ಟು ಕೂತಿರಲಿ.
ಮಿಲ್ಲಿನ ಸೈರನ್ನಿಗೆ ಎದ್ದು ಮಿಲ್ಲಿನ ಸೈರನ್ನಿಗೆ ಉಣ್ಣುತ್ತಿದ್ದ ಊರು,
ಇಲ್ಲಿ ಹುಟ್ಟಿದವಳಿಗೆ ಎಳೆ ಬಿಡಿಸಲು ಹೇಳಿಕೊಡಬೇಕೇ?
ಮೂರು ಸಲ ಗಂಟಾಯಿತು.

ಆಮೇಲೆ ಒಂದು ಸುಳ್ಳು.
ಇಲ್ಲದ ಟರ್ಮಿನಲ್ ಒಂದನ್ನು ಕಟ್ಟಿ
ಅದರ ಮುಖದೆದುರು ಇಟ್ಟೆ.
ನೋಡುವವರಿದ್ದಾರೆ ಎಂದು ನಂಬಿತು.

ಮಧ್ಯಾಹ್ನ ಎರಡು ಗಂಟೆ. ಆನಗೋಡಿನ ಹಾಲಮ್ಮನ ಚೀಲ ಕಾಟಾದ ಮೇಲೆ.
ಗಿರಿಜಾಂಬ ಮಂಡಕ್ಕಿ ಪೊಟ್ಟಣ ಪಕ್ಕಕ್ಕಿಟ್ಟಳು.
ಕಿಟಕಿ ಬಿಳುಚಲಿಲ್ಲ. ಬಂತು,
ಭಟ್ಟಿಯ ಮರಳಲ್ಲಿ ಮೊದಲ ಕಾಳು ಸಿಡಿದ ಹಾಗೆ:

ಕಾಟಾ ಸಿದ್ಧ
ತೇವ ೧೪.೨
ತೂಕ ೬೧.೩೫
ತೂಕ ೬೧.೪೫
ತೂಕ ೬೧.೪೦ ನಿಂತಿತು
ಸೂಟು ೧.೫೦ ಕಳೆ
ನಿವ್ವಳ ೫೯.೯೦

ಎಲ್ಲ ಇಂಗ್ಲಿಷಿನಲ್ಲಿತ್ತು.
ಸೂಟು ಮಾತ್ರ ಇಂಗ್ಲಿಷ್ ಅಕ್ಷರದಲ್ಲೂ ಸೂಟೇ.
ದಾದಾಪೀರನಿಗೆ ಓದು ಬಾರದು ಅಂತಾರೆ. ಅಂಕಿ ಬರುತ್ತದೆ,
ಮೂವತ್ತು ವರ್ಷ ಚೀಲದ ಮೇಲೆ ಸೀಮೆಸುಣ್ಣದಲ್ಲಿ ಬರೆದವನು.
"ನಿಂತಿತ್ತಲ್ಲ" ಅಂದ. "ನಿಂತ್ಮ್ಯಾಲೆ ಯಾಕಿಳೀತು?"

ಹಾಲಮ್ಮ ಕನ್ನಡಕ ಹುಡುಕಿದರು.
ಫ್ಯಾನು ತಿರುಗುವ ಸದ್ದು ಇಷ್ಟು ಜೋರೆಂದು ಗೊತ್ತಿರಲಿಲ್ಲ.

ಮುರಿಗೆಪ್ಪನವರು ನನ್ನ ಕುರ್ಚಿಯ ಹಿಂದೆ ಬಂದು, ಮೆಲ್ಲಗೆ:
"ಚೆನ್ನಾಗೈತಮ್ಮಾ. ಆ ಒಂದು ಸಾಲು ಬ್ಯಾಡ.
ಚಕ್ರ ತಿರುಗೋ ಚಿತ್ರ ಹಾಕು, ಸಾಕು."
ಒಂದು ಸಾಲು ಮುಚ್ಚಲು ಒಂದೇ ಸಾಲು ಸಾಕು,
ನನಗೆ ಬರುತ್ತದೆ. ಬೆರಳು ಅಲ್ಲಿಯೇ ಇತ್ತು.
ಉಳಿದ ಹಣವೂ ಅವರ ಜೇಬಲ್ಲೇ ಇತ್ತು.

ಅಷ್ಟರಲ್ಲಿ ಮುಂದಿನ ಚೀಲ.
ದಾದಾಪೀರ್ ಹೊತ್ತು ತಂದ, ಇಳಿಸಲಿಲ್ಲ.
ಹೊತ್ತೇ ಕಾಟಾ ಹತ್ತಿ ನಿಂತ, ಪರದೆ ನೋಡುತ್ತ.

ತೂಕ ೧೨೪.೭೫
ತೂಕ ೧೨೪.೮೫
ತೂಕ ೧೨೪.೮೦
ತೂಕ ೧೨೪.೯೦

ಸಾಲು ಇಳಿಯುತ್ತಲೇ ಇದೆ, ಸೂಟಿನ ಸಾಲು ಬರುತ್ತಿಲ್ಲ.
ಉಸಿರಾಡುವವರು ಮೇಲೆ ನಿಂತರೆ
ಮುಳ್ಳು ನಿಲ್ಲುವುದಿಲ್ಲ.